ನಿಮ್ಮ ಹುಡುಗ ಎಷ್ಟು ಗೋಲು ಹೊಡೆದ?

ಕಚೇರಿಯ ಲಿಫ್ಟಿನಲ್ಲಿ ಕೇಳುತ್ತಾರೆ, ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತಾಗ ಕೇಳುತ್ತಾರೆ, ಮೂರನೆಯ ಮಹಡಿಯ ಆಂಟಿ ತಳ್ಳುಗಾಡಿಯಲ್ಲಿ ಸೊಪ್ಪು ಆರಿಸುತ್ತಲೇ ಕೇಳುತ್ತಾರೆ: ‘ನಿಮ್ಮ ಹುಡುಗ ಎಷ್ಟು ಗೋಲು ಹೊಡೆದ?’ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ನನಗೆ ಹಾಕಿ ಆಡುವ ಮಗನಿದ್ದಾನೆ ಎಂದುಕೊಳ್ಳುತ್ತಾರೆ. ಮಗನಿಲ್ಲ. ಇರುವವನು ಒಬ್ಬ ಡಿಫೆನ್ಸ್‌ಮನ್, ಅಂದರೆ ಹಿಂದೆ ನಿಂತು ಎದುರಾಳಿಯ ದಾಳಿ ತಡೆಯುವವನು. ವಯಸ್ಸು 20, ಎತ್ತರ ಆರಡಿ ಎರಡಂಗುಲ, ಎಡಗೈ ಹೊಡೆತ, ಜೆರ್ಸಿ ಸಂಖ್ಯೆ 26. ಐಸ್ ಹಾಕಿಯ ಒಂದು ಸಿಮ್ಯುಲೇಶನ್ ಲೀಗಿನ ಕಡತದಲ್ಲಿ ಒಂದು ಸಾಲಾಗಿ ಅವನ ವಾಸ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕೈಯಲ್ಲಿ ಜಾಯ್‌ಸ್ಟಿಕ್ ಹಿಡಿದು ಆಡುವ ಆಟವಲ್ಲ. ಸದಸ್ಯರಾದ ನಾವು ಒಬ್ಬೊಬ್ಬರೂ ಒಬ್ಬ ಆಟಗಾರನನ್ನು ಸೃಷ್ಟಿಸುತ್ತೇವೆ. ವಾರವಾರವೂ ಪಂದ್ಯಗಳ ಭವಿಷ್ಯ ನುಡಿಯುವುದು, ತಂಡದ ಬಗ್ಗೆ ಒಂದು ಪುಟ ಬರೆಯುವುದು ಮುಂತಾದ ಕೆಲಸ ಒಪ್ಪಿಸಿ ಅಂಕ ಸಂಪಾದಿಸುತ್ತೇವೆ. ಆ ಅಂಕಗಳನ್ನು ಸ್ಕೇಟಿಂಗ್, ಪಾಸ್, ಹೊಡೆತ, ಬಲ, ಶಿಸ್ತು ಎಂಬ ಖಾನೆಗಳಿಗೆ ಹಂಚುತ್ತೇವೆ. ತಂಡವನ್ನು ಯಾವ ದೇಶದಲ್ಲೋ ಕುಳಿತ ಇನ್ನೊಬ್ಬ ಸದಸ್ಯ ಮ್ಯಾನೇಜರ್ ಆಗಿ ನಡೆಸುತ್ತಾನೆ. ಪಂದ್ಯ ಆಡುವುದು ಮಾತ್ರ ಒಂದು ಪ್ರೋಗ್ರಾಂ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ ಒಂಬತ್ತಕ್ಕೆ ಅದನ್ನು ಓಡಿಸುತ್ತಾರೆ. ಅವರ ಚಳಿಗಾಲದಲ್ಲಿ ಆಗ ಜಯನಗರದಲ್ಲಿ ಬೆಳಗ್ಗೆ ಏಳೂವರೆ. ಹಾಲು ಒಲೆಯ ಮೇಲಿಟ್ಟು ಫಲಿತಾಂಶ ತೆರೆಯುವುದು ನನ್ನ ಅಭ್ಯಾಸ. ಹಾಲು ಎಷ್ಟು ಸಲ ಉಕ್ಕಿದೆ ಎಂಬ ಲೆಕ್ಕ ಮನೆಯವಳ ಬಳಿ ಇದೆ.

ಪ್ರಶ್ನೆಗೆ ನೇರ ಉತ್ತರ: ಕಿರಿಯರ ಲೀಗಿನ ಎರಡು ಋತುಗಳಲ್ಲಿ ಮೂರು ಗೋಲು. ಇದನ್ನು ಹೇಳಿದ ಕೂಡಲೇ ಎದುರಿನವರ ಮುಖ ಸಣ್ಣಗಾಗುತ್ತದೆ. ‘ಪಾಪ’ ಎನ್ನುತ್ತಾರೆ. ಆ ‘ಪಾಪ’ಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೇಳುವವರದು ತಪ್ಪೂ ಅಲ್ಲ. ರಕ್ಷಣಾ ಆಟಗಾರನನ್ನು ಗೋಲಿನಿಂದಲೇ ಗುರುತಿಸುವ ಅಭ್ಯಾಸವನ್ನು ನಮ್ಮ ಹಾಕಿಯೇ ನಮಗೆ ಮಾಡಿಸಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 10 ಗೋಲು ಹೊಡೆದ ಹರ್ಮನ್‌ಪ್ರೀತ್ ಸಿಂಗ್ ಡಿಫೆಂಡರ್. ಕೊಡಗಿನ ವಿ.ಆರ್. ರಘುನಾಥ್ ಡಿಫೆಂಡರ್ ಆಗಿದ್ದರೂ ಜನ ನೆನೆಯುವುದು ಚೆಂಡನ್ನು ಕೋಲಿನಿಂದ ಎಳೆದು ಗೋಲಿಗೆ ಚಿಮ್ಮಿಸುವ ಅವರ ಡ್ರ್ಯಾಗ್ ಫ್ಲಿಕ್ಕನ್ನು. ಪೆನಾಲ್ಟಿ ಕಾರ್ನರ್ ಎಂಬುದೊಂದು ಇರುವುದರಿಂದ ನಮ್ಮಲ್ಲಿ ಹಿಂದೆ ನಿಲ್ಲುವವನಿಗೂ ಮುಂದೆ ಬಂದು ಹೆಸರು ಮಾಡುವ ದಾರಿಯಿದೆ. ಅದೇ ಪ್ಯಾರಿಸ್‌ನಲ್ಲಿ ಇನ್ನೊಬ್ಬ ಡಿಫೆಂಡರ್ ಅಮಿತ್ ರೋಹಿದಾಸ್ ಅವರಿಗೆ ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಬಿತ್ತು. ಹತ್ತೇ ಜನರಿಂದ ತಂಡ ಹೇಗೋ ಶೂಟೌಟ್ ತನಕ ಎಳೆದು ಗೆದ್ದಿತು. ಸೆಮಿಫೈನಲ್‌ನಲ್ಲಿ ಅವರಿಗೆ ನಿಷೇಧ. ಜರ್ಮನಿಯ ಎದುರು 2–3ರ ಸೋಲು. ಅವರಿದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಆ ದಿನ ನಮ್ಮ ಬೀದಿಯ ಚಹಾ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಮೈದಾನದಲ್ಲಿಲ್ಲದ ಆ ಒಬ್ಬರ ಹೆಸರೇ ಇತ್ತು.

ಗೋಲಿನ ಲೆಕ್ಕ ಕೇಳದಿದ್ದವರು ಒಬ್ಬರೇ, ನನ್ನ ಸೋದರಮಾವ. ಎಪ್ಪತ್ತರ ದಶಕದಲ್ಲಿ ಒಂದು ಕಾರ್ಖಾನೆಯ ತಂಡಕ್ಕೆ ಫುಲ್‌ಬ್ಯಾಕ್ ಆಗಿದ್ದವರು. ಆಗಿನ ಮೈದಾನಗಳಲ್ಲಿ ಚೆಂಡು ಕಲ್ಲಿಗೆ ತಾಗಿ ಮೊಣಕಾಲಿಗೆ ಹಾರುತ್ತಿತ್ತು. ಅದರ ಗುರುತುಗಳನ್ನು ಪಂಚೆ ಎತ್ತಿ ತೋರಿಸುತ್ತಾರೆ. ಈಗಲೂ ಶಾಂತಿನಗರದ ಹಾಕಿ ಕ್ರೀಡಾಂಗಣದಲ್ಲಿ ಪಂದ್ಯವಿದ್ದರೆ ಗೋಲುಪೆಟ್ಟಿಗೆಯ ಹಿಂದುಗಡೆಯೇ ಕುಳಿತುಕೊಳ್ಳುತ್ತಾರೆ. ಭಾನುವಾರ ಲಾಲ್‌ಬಾಗಿನಲ್ಲಿ ನಡೆದಾಡಿ ನಮ್ಮ ಮನೆಗೆ ಕಾಫಿಗೆ ಬರುವುದು ರೂಢಿ. ಮೊದಲ ಬಾರಿ ಹುಡುಗನ ಪುಟ ತೋರಿಸಿದಾಗ ಅವರು ಕನ್ನಡಕ ಏರಿಸಿ ಕೇಳಿದ್ದು ಒಂದೇ ಮಾತು: ‘ಇವನ ಎದುರಿಗೆ ಯಾರನ್ನು ಬಿಡುತ್ತಾರೆ?’

ಎರಡು ವರ್ಷದಲ್ಲಿ ನನಗೆ ಯಾರೂ ಕೇಳದಿದ್ದ ಸರಿಯಾದ ಪ್ರಶ್ನೆ ಅದು.

ಐಸ್ ಹಾಕಿಯಲ್ಲಿ ಒಂದು ತಂಡಕ್ಕೆ ಗೋಲ್‌ಕೀಪರ್ ಬಿಟ್ಟು ಐವರು: ಮೂವರು ಫಾರ್ವರ್ಡ್, ಇಬ್ಬರು ಡಿಫೆನ್ಸ್‌ಮನ್. ಓಟ ಎಷ್ಟು ಬಿರುಸು ಎಂದರೆ ಮುಕ್ಕಾಲು ನಿಮಿಷಕ್ಕೆಲ್ಲ ಸುಸ್ತಾಗಿ ಬೆಂಚಿಗೆ ಮರಳುತ್ತಾರೆ, ಇನ್ನೊಂದು ಗುಂಪು ಇಳಿಯುತ್ತದೆ. ಆದ್ದರಿಂದ ಡಿಫೆನ್ಸ್‌ಗೆ ಮೂರು ಜೋಡಿ. 60 ನಿಮಿಷದ ಪಂದ್ಯದಲ್ಲಿ ಮೊದಲ ಜೋಡಿಯವರು 25 ನಿಮಿಷದ ಹತ್ತಿರ ಆಡಿದರೆ, ಮೂರನೆಯ ಜೋಡಿಗೆ 15 ಸಿಕ್ಕರೆ ಹೆಚ್ಚು. ಎದುರಾಳಿಯ ಅತ್ಯುತ್ತಮ ಫಾರ್ವರ್ಡ್‌ಗಳು ಇಳಿದಾಗ ಮ್ಯಾನೇಜರ್ ಯಾರನ್ನು ಇಳಿಸುತ್ತಾನೆ ಎಂಬುದರಲ್ಲಿ ಡಿಫೆನ್ಸ್‌ಮನ್ನಿನ ಅಂಕಪಟ್ಟಿ ಇರುತ್ತದೆ. ಮೊದಲ ಋತುವಿನಲ್ಲಿ ನಮ್ಮವನನ್ನು ಎದುರಾಳಿಯ ಕೊನೆಯ ಸಾಲಿನ ಮೇಲೆ ಮಾತ್ರ ಬಿಡುತ್ತಿದ್ದರು, ಅದೂ ಗೆಲುವು ಖಚಿತವಾದ ಮೇಲೆ. ಎರಡನೆಯದರ ಕೊನೆಯ ಹೊತ್ತಿಗೆ ಎದುರಾಳಿಯ ಎರಡನೆಯ ಸಾಲಿನ ಎದುರು ಅವನೇ. ಗೋಲು ಮೊದಲ ಋತುವಿನಲ್ಲಿ ಎರಡು, ಎರಡನೆಯದರಲ್ಲಿ ಒಂದು. ಲಿಫ್ಟಿನ ಲೆಕ್ಕದಲ್ಲಿ ಅವನು ಹಿಂದೆ ಬಿದ್ದ.

ಒಂದು ಪಂದ್ಯ ಹೇಳುತ್ತೇನೆ. ಕೊನೆಯ ಅವಧಿ, ನಮಗೆ ಒಂದು ಗೋಲಿನ ಮುನ್ನಡೆ, ಇನ್ನು 1 ನಿಮಿಷ 52 ಸೆಕೆಂಡ್. ಎದುರಾಳಿ ತಂಡ ಗೋಲ್‌ಕೀಪರನ್ನು ಹೊರಗೆ ಕರೆದು ಆರನೆಯ ದಾಳಿಗಾರನನ್ನು ಇಳಿಸಿತು. ಪ್ರೋಗ್ರಾಂ ಒಂದೊಂದು ಘಟನೆಯನ್ನೂ ಒಂದೊಂದು ಸಾಲಾಗಿ ಬರೆಯುತ್ತದೆ; ಅದರಲ್ಲಿ ‘ಪಕ್’ ಎಂದರೆ ಚೆಂಡಿನ ಜಾಗದಲ್ಲಿರುವ ರಬ್ಬರ್ ಬಿಲ್ಲೆ. ಹೊಡೆತ, ತಡೆದವನು 26. ಪಕ್ ಅಂಕಣದ ಗೋಡೆಯ ಮೂಲೆಗೆ. ಮತ್ತೆ ಹೊಡೆತ, ತಡೆದವನು 26. ಪಕ್ ಹೊರಗೆ ದಾಟಿಸಿದವನು 26. ಮುಗಿಯಿತು. ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಗೋಲು ಸೊನ್ನೆ, ನೆರವು ಸೊನ್ನೆ. ಮಾವನಿಗೆ ಇದನ್ನು ಓದಿ ಹೇಳಿದಾಗ ಅವರು ಕಾಫಿ ಮುಗಿಸಿ ದವರವನ್ನು ಗೋಲುಪೆಟ್ಟಿಗೆ ಮಾಡಿದರು, ಸಕ್ಕರೆ ಡಬ್ಬಿಯನ್ನು ದಾಳಿಗಾರ ಮಾಡಿದರು, ಲೋಟವನ್ನು ನಮ್ಮ ಹುಡುಗನನ್ನಾಗಿ ಮಾಡಿ ನಿಧಾನವಾಗಿ ಹಿಂದಕ್ಕೆ ಸರಿಸಿದರು. ‘ಹೊರಗಿನ ದಾರಿ ಅವನಿಗೆ ಬಿಟ್ಟುಬಿಡು. ನಡುವೆ ಮಾತ್ರ ಬಿಡಬೇಡ. ಚೆಂಡು ನೋಡಿದೆಯೋ ಕೆಟ್ಟೆ, ಸೊಂಟ ನೋಡು. ಚೆಂಡು ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ.’ ಐಸ್ ಹಾಕಿಯನ್ನು ಅವರು ಅಲ್ಲಿಯವರೆಗೆ ಕಣ್ಣಾರೆ ನೋಡಿರಲಿಲ್ಲ. ನಾನೂ ಮಂಜುಗಡ್ಡೆಯ ಮೇಲೆ ಕಾಲಿಟ್ಟವನಲ್ಲ. ನಾನು ಕಂಡಿರುವ ಮಂಜುಗಡ್ಡೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿಚೀಲ ಹೊದ್ದು ಮಲಗಿರುವುದಷ್ಟೆ.

ಆದರೆ ಪ್ರೋಗ್ರಾಮಿಗೆ ಸೊಂಟ ಕಾಣುವುದಿಲ್ಲ, ಅಂಕಿ ಮಾತ್ರ ಕಾಣುತ್ತದೆ. ಇಬ್ಬರ ಅಂಕಿಗಳನ್ನು ತೂಗಿ, ಆಮೇಲೆ ದಾಳ ಉರುಳಿಸುತ್ತದೆ. ಅದೇ ಎರಡು ತಂಡಗಳನ್ನು ಎರಡು ಸಲ ಓಡಿಸಿದರೆ ಎರಡು ಫಲಿತಾಂಶ. ಹಾಗಾಗಿ ಯಾವ ಖಾನೆಗೆ ಎಷ್ಟು ಅಂಕ ಸುರಿಯುತ್ತೇವೆ ಎಂಬುದೊಂದೇ ನಮ್ಮ ಕೈಯಲ್ಲಿರುವುದು, ಅಲ್ಲಿಯೇ ನಾನು ಎಡವಿದ್ದು. ಮೊದಲ ಋತುವಿನಲ್ಲಿ ಎಲ್ಲರೂ ಗೋಲು ಕೇಳುತ್ತಾರಲ್ಲ ಎಂದು ಸಂಪಾದನೆಯ ಬಹುಪಾಲನ್ನು ಹೊಡೆತಕ್ಕೆ ಹಾಕಿದೆ. ಕೆಳಗಿನ ಮೆಟ್ಟಿಲುಗಳು ಅಗ್ಗ. ಖಾನೆಯ ಅಂಕಿ 80 ದಾಟಿದ ಮೇಲೆ ನಮ್ಮ ಲೀಗಿನಲ್ಲಿ ಒಂದೊಂದು ಮೆಟ್ಟಿಲಿಗೂ ಐದಾರು ಅಂಕ ತೆರಬೇಕು. ಸೈಟು ಕೊಳ್ಳಬೇಕಾದವನು ಬಾಗಿಲಿಗೆ ಹಿತ್ತಾಳೆ ಚಿಲಕ ಕೊಂಡಂತಾಯಿತು. ಫಿನ್‌ಲೆಂಡಿನ ನಮ್ಮ ಮ್ಯಾನೇಜರ್ ಸೌಮ್ಯವಾಗಿಯೇ ಬರೆದ: ಹೊಡೆತ ಚೆನ್ನಾಗಿದೆ, ಆದರೆ ಹಿಮ್ಮುಖವಾಗಿ ಸ್ಕೇಟ್ ಮಾಡಲು ಬಾರದವನನ್ನು ಎಲ್ಲಿ ನಿಲ್ಲಿಸಲಿ? ಅಲ್ಲಿಂದ ಇಲ್ಲಿಯವರೆಗೆ ಹೊಡೆತಕ್ಕೆ ಒಂದು ಅಂಕವನ್ನೂ ಹಾಕಿಲ್ಲ.

ಇನ್ನೊಂದು ತಪ್ಪು ಹುಟ್ಟಿಸುವಾಗಲೇ ಆದದ್ದು. ನಮ್ಮ ಹಾಕಿಯಲ್ಲಿ ಕೋಲಿನ ಚಪ್ಪಟೆ ಮೈ ಒಂದೇ ಕಡೆ, ಎಡಗೈ ಕೋಲು ಎಂಬುದೇ ಇಲ್ಲ. ಎಡಚರೂ ಬಲಗೈಯವರಂತೆ ಹಿಡಿಯಬೇಕು. ಐಸ್ ಹಾಕಿಯಲ್ಲಿ ಎರಡೂ ಬಗೆಯಿದೆ, ಬಲಗೈ ಹೊಡೆತದ ಡಿಫೆನ್ಸ್‌ಮನ್ನರು ಕಡಿಮೆ, ಹಾಗಾಗಿ ಅವರಿಗೆ ಬೆಲೆ ಹೆಚ್ಚು. ಇದು ತಿಳಿಯದೆ ನಾನು ಸುಮ್ಮನೆ ‘ಎಡ’ ಎಂದು ಒತ್ತಿದ್ದೆ. ಈಗ, ಮುಂದೆ ಇವನು ಸೇರಬೇಕಾದ ದೊಡ್ಡ ಲೀಗಿನ ನಮ್ಮ ತಂಡದಲ್ಲಿ ಎಡಭಾಗಕ್ಕೆ ಇವನಿಗಿಂತ ಗಟ್ಟಿಗರಾದ ಇಬ್ಬರು ಮುಂದೆ ನಿಂತಿದ್ದಾರೆ.

ಲೀಗಿನ ಒಳಗಿನವರು ಗೋಲಿನ ಬದಲು ಇನ್ನೊಂದು ಅಂಕಿಯಿಂದ ನನ್ನನ್ನು ಹೆದರಿಸುತ್ತಾರೆ: ಪ್ಲಸ್-ಮೈನಸ್. ಎದುರಾಳಿಯ ಒಬ್ಬ ಪೆನಾಲ್ಟಿಯಿಂದ ಹೊರಗಿರುವಾಗ ಹೊಡೆದ ಪವರ್‌ಪ್ಲೇ ಗೋಲು ಹೊರತುಪಡಿಸಿ, ನೀನು ಅಂಕಣದಲ್ಲಿದ್ದಾಗ ನಿನ್ನ ತಂಡ ಗೋಲು ಹೊಡೆದರೆ ಒಂದು ಕೂಡಿಸು, ಬಿಟ್ಟುಕೊಟ್ಟರೆ ಒಂದು ಕಳೆ. ನಮ್ಮವನು ಕಳೆದ ಋತು ಮುಗಿಸಿದ್ದು ಮೈನಸ್ 11ಕ್ಕೆ. ಎದುರಿನವರು ಹೊಡೆಯುವ ನೂರರಲ್ಲಿ ಸುಮಾರು ತೊಂಬತ್ತನ್ನು ತಡೆಯಬೇಕಾದವನು ಗೋಲ್‌ಕೀಪರ್. ಅವನು ಎಂಬತ್ತೇಳು ತಡೆದರೆ ಮುಂದೆ ನಿಂತವನ ಲೆಕ್ಕ ಮುಳುಗಿತು. ನಮ್ಮ ಗೋಲ್‌ಕೀಪರಿನ ಮಾಲೀಕ ಪರೀಕ್ಷೆಯ ಗಡಿಬಿಡಿಯಲ್ಲಿ ತಿಂಗಳುಗಟ್ಟಲೆ ಅಂಕವನ್ನೇ ಸಂಪಾದಿಸಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಗೆಂದು ಮೈನಸ್ ಹನ್ನೊಂದರಲ್ಲಿ ಒಂದೂ ನಮ್ಮವನ ತಪ್ಪಲ್ಲ ಎಂದು ವಾದಿಸುವುದಿಲ್ಲ. ಎರಡು ಗೋಲು ಅಪ್ಪಟ ಇವನದೇ ಪೆದ್ದುತನ. ನಡುವೆ ಕೊಟ್ಟ ಪಾಸ್ ನೇರ ಎದುರಾಳಿಯ ಕೋಲಿಗೆ ಹೋಗಿತ್ತು.

‘ಹಾಗಾದರೆ ಇವನು ಯಾವಾಗ ಮೇಲೆ ಬರುತ್ತಾನೆ?’ ಇದು ಮೊದಲ ಪ್ರಶ್ನೆಯ ತಮ್ಮ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಲೀಗಿನಲ್ಲಿ ಮೇಲೆ ಬಂದ ನಿಜವಾದವರ ಕಡೆ ನೋಡೋಣ. ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮ್ ಅವರನ್ನು ಡೆಟ್ರಾಯಿಟ್ ತಂಡ 1989ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಆರಿಸಿಕೊಂಡದ್ದು 53ನೆಯವರಾಗಿ. ವರ್ಷದ ಶ್ರೇಷ್ಠ ಡಿಫೆನ್ಸ್‌ಮನ್ನಿಗೆ ಕೊಡುವ ನಾರಿಸ್ ಟ್ರೋಫಿ ಅವರಿಗೆ ಮೊದಲು ಸಿಕ್ಕಾಗ 31 ವರ್ಷ. ಆಮೇಲೆ ಅದನ್ನು ಒಟ್ಟು ಏಳು ಸಲ ಗೆದ್ದರು, ಕೊನೆಯದು 2011ರಲ್ಲಿ. ಆರಡಿ ಒಂಬತ್ತಂಗುಲದ ಜ್ಡೆನೊ ಚಾರಾ 1996ರಲ್ಲಿ 56ನೆಯ ಆಯ್ಕೆ. ಆರಿಸಿಕೊಂಡಿದ್ದ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಐದು ವರ್ಷಕ್ಕೇ, 2001ರಲ್ಲಿ, ಅವರನ್ನು ಆಟವಾ ತಂಡಕ್ಕೆ ಕೊಟ್ಟುಬಿಟ್ಟಿತು. ಹಿತ್ತಲ ಗಿಡ ಮದ್ದಲ್ಲವಲ್ಲ. 2009ರಲ್ಲಿ ಬೋಸ್ಟನ್ ಪರ ಅವರು ನಾರಿಸ್ ಗೆದ್ದರು, 2011ರಲ್ಲಿ ನಾಯಕನಾಗಿ ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಎತ್ತಿದರು.

ತಕ್ಷಣ ಯಾರಾದರೂ ಕೇಲ್ ಮಕಾರ್ ಹೆಸರೆತ್ತುತ್ತಾರೆ: 23ಕ್ಕೇ ನಾರಿಸ್, ಅದೇ 2022ರಲ್ಲಿ ಕಪ್ ಮತ್ತು ಪ್ಲೇಆಫ್‌ನ ಶ್ರೇಷ್ಠ ಆಟಗಾರ ಗೌರವ. ಇನ್ನೂ ಹಿಂದೆ ಹೋದರೆ ಬಾಬಿ ಆರ್, 1968ರಿಂದ 1975ರವರೆಗೆ ಬಿಡದೆ ಎಂಟು ನಾರಿಸ್. ಡಿಫೆನ್ಸ್‌ಮನ್ ಆಗಿದ್ದುಕೊಂಡೇ ಎರಡು ಸಲ ಇಡೀ ಲೀಗಿನ ಅಂಕಪಟ್ಟಿಯಲ್ಲಿ ಮೊದಲಿಗ. ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಲತಾ ಮಂಗೇಶ್ಕರ್ ಇದ್ದರು ಎಂದು ಓಣಿಯ ಸಂಗೀತ ಶಾಲೆಯ ಮಗುವನ್ನು ಗದರಬಹುದೇ? ಫಾರ್ವರ್ಡ್ ಎಡವಿದರೆ ಅವನ ಹಿಂದೆ ಇನ್ನೂ ಇಬ್ಬರಿದ್ದಾರೆ. ಡಿಫೆನ್ಸ್‌ಮನ್ ಎಡವಿದರೆ ಹಿಂದಿರುವುದು ಗೋಲ್‌ಕೀಪರ್ ಒಬ್ಬನೇ. ಆ ಜಾಗದಲ್ಲಿ ನಿಂತು ತಪ್ಪು ಮಾಡಿ ಕಲಿಯಲು ಯಾವ ಮ್ಯಾನೇಜರೂ ಬೇಗ ಬಿಡುವುದಿಲ್ಲ.

ನನ್ನ ಅಂದಾಜು ಇಷ್ಟು. ಮುಂದಿನ ಋತುವಿನಲ್ಲಿ ಇವನು ದೊಡ್ಡ ಲೀಗಿಗೆ ಹೋಗುತ್ತಾನೆ, ಮೂರನೆಯ ಜೋಡಿಯಲ್ಲಿ ಎಡಕ್ಕೆ. ಮತ್ತೆ ಮೈನಸ್‌ನಲ್ಲೇ ಮುಗಿಸುತ್ತಾನೆ, ಬಹುಶಃ ಈ ಸಲಕ್ಕಿಂತ ಕೆಟ್ಟದಾಗಿ. ಎರಡನೆಯ ವರ್ಷ ಒಬ್ಬ ಕಡಿಮೆ ಇರುವಾಗ ತಡೆದು ನಿಲ್ಲುವ ಪೆನಾಲ್ಟಿಯ ಎರಡು ನಿಮಿಷಗಳು ಸಿಗಬೇಕು. ನಾಲ್ಕನೆಯದರ ಹೊತ್ತಿಗೆ, ಮುಂದಿರುವ ಇಬ್ಬರಲ್ಲಿ ಹಿರಿಯವನ ಅಂಕಿಗಳು ವಯಸ್ಸಿನಿಂದ ಇಳಿಯತೊಡಗಿದಾಗ, ಎರಡನೆಯ ಜೋಡಿ. ಮೊದಲ ಜೋಡಿಯ ತಾರೆ ಆಗುವುದಿಲ್ಲ. ಹೊಡೆತಕ್ಕೆ ನಾನು ಸುರಿದ ಅಂಕಗಳು ಆ ಬಾಗಿಲನ್ನು ಮುಚ್ಚಿವೆ. ಕಳೆದ ತಿಂಗಳು ಎರಡು ತಂಡದವರು ಇವನನ್ನು ಕೇಳಿದರಂತೆ. ಮ್ಯಾನೇಜರ್ ನನ್ನ ಅಭಿಪ್ರಾಯ ಕೇಳಿದ, ಇಲ್ಲಿಯೇ ಇರಲಿ ಎಂದೆ.

ಈಗ ನನ್ನ ಕೈಯಲ್ಲಿ ಆರು ಅಂಕ ಉಳಿದಿದೆ. ಸ್ಕೇಟಿಂಗಿಗೆ ನಾಲ್ಕು, ಶಿಸ್ತಿಗೆ ಎರಡು ಎಂದು ನಾನು. ಆರನ್ನೂ ಬಲಕ್ಕೆ ಹಾಕು, ಮೂಲೆಯಲ್ಲಿ ಯಾರೂ ಅವನನ್ನು ತಳ್ಳುವಂತಾಗಬಾರದು ಎಂದು ಮಾವ. ಹೋದ ಭಾನುವಾರ ಲೋಟ, ದವರ, ಸಕ್ಕರೆ ಡಬ್ಬಿ ಮೂರನ್ನೂ ಇಟ್ಟು ಮುಕ್ಕಾಲು ಗಂಟೆ ವಾದಿಸಿದರು. ಗಡುವು ಈ ಶನಿವಾರ ರಾತ್ರಿ. ಇನ್ನೂ ತುಂಬಿಲ್ಲ.