ಪೊಟ್ಯಾಸಿಯಂ 9.8

ಆಸ್ಪತ್ರೆ ಲ್ಯಾಬಿನಲ್ಲಿ ಬಯೋಕೆಮಿಸ್ಟ್ರಿ ನೋಡಿಕೊಳ್ಳುವವಳು ನಾನು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಬೆಳಿಗ್ಗೆ ಒಬ್ಬ ರೋಗಿಯ ರಕ್ತದಲ್ಲಿ ಮಷೀನ್ ಪೊಟ್ಯಾಸಿಯಂ 9.8 ತೋರಿಸಿತು. ಇರಬೇಕಾದ್ದು 3.5ರಿಂದ 5. ಆರೂವರೆ ದಾಟಿದರೇ ಹೃದಯಕ್ಕೆ ಅಪಾಯ. ತಕ್ಷಣ ವಾರ್ಡಿಗೆ ಫೋನ್ ಮಾಡಿದೆ.

“ಆಯಮ್ಮ ಇಡ್ಲಿ ತಿಂದು ಓಡಾಡ್ತಿದ್ದಾರಲ್ಲ ಮೇಡಂ” ಅಂದರು ಸಿಸ್ಟರ್.

“ಆದ್ರೂ ಡಾಕ್ಟ್ರಿಗೆ ತಿಳಿಸಿ, ಇನ್ನೊಂದು ಸ್ಯಾಂಪಲ್ ಕಳ್ಸಿ” ಅಂದೆ.

ಅದೇ ಟ್ಯೂಬನ್ನು ಮತ್ತೆ ಹಾಕಿದೆ. ಮತ್ತೆ 9.8. ಮಷೀನ್ ಸರಿಯಿದೆಯೇ ಎಂದು ನೋಡಲು ಬೆಳಿಗ್ಗೆ ಹಾಕುವ, ಅಳತೆ ಮೊದಲೇ ಗೊತ್ತಿರುವ ಕಂಟ್ರೋಲ್ ಸರಿಯಿತ್ತು. ರಕ್ತಕಣ ಒಡೆದಿದ್ದರೂ ಪೊಟ್ಯಾಸಿಯಂ ಏರುತ್ತದೆ, ಆದರೆ ಆಗ ಸೀರಂ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ದ್ರವ, ಕೆಂಪಗಿರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ತಿಳಿ ಹಳದಿ. ಆಮೇಲೆ ಕಣ್ಣಿಗೆ ಬಿದ್ದದ್ದು ಕ್ಯಾಲ್ಸಿಯಂ: 4.1. ಒಂಬತ್ತರ ಆಸುಪಾಸು ಇರಬೇಕಾದ್ದು!

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇಡಿಟಿಎ ಎಂಬ ರಾಸಾಯನಿಕ ಹಾಕಿರುತ್ತಾರೆ. ಅದು ಪೊಟ್ಯಾಸಿಯಂನ ಲವಣ. ಕ್ಯಾಲ್ಸಿಯಂ ಹಿಡಿದಿಡುವುದೇ ಅದರ ಕೆಲಸ. ಕೇಳಿದಾಗ ಗೊತ್ತಾಯಿತು, ನಮ್ಮ ಪರೀಕ್ಷೆಗೆ ಬರುವ ಕೆಂಪು ಮುಚ್ಚಳದ್ದಕ್ಕೆ ರಕ್ತ ಸಾಲದೆ ಹೊಸ ಹುಡುಗಿ ನೇರಳೆಯದರಿಂದ ಸ್ವಲ್ಪ ಬಗ್ಗಿಸಿದ್ದಳು. ಮುಚ್ಚಿಡದೆ ಒಪ್ಪಿಕೊಂಡಳು, ನನಗೆ ಅದು ದೊಡ್ಡದಾಗಿ ಕಂಡಿತು. ಮಷೀನ್ ಎರಡು ಸಲವೂ ಟ್ಯೂಬಿನಲ್ಲಿದ್ದದ್ದನ್ನೇ ಸರಿಯಾಗಿ ಅಳೆದಿತ್ತು. ಹೊಸ ಸ್ಯಾಂಪಲ್‌ನಲ್ಲಿ ಬಂದದ್ದು 4.3.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನನಗೆ ಅಂದು ಹತ್ತಿರವಾಯಿತು. ಕನ್ನಡದಲ್ಲಿ ಅನುಮಾನ ಅಂದರೆ ಶಂಕೆ. ನಮ್ಮ ಹಳೆಯ ತರ್ಕದರ್ಶನವಾದ ನ್ಯಾಯಶಾಸ್ತ್ರದಲ್ಲಿ ಅದೇ ಪದಕ್ಕೆ ಹೊಗೆ ಕಂಡು ಬೆಂಕಿಯನ್ನು ತಿಳಿಯುವುದು ಎಂದರ್ಥ. ಸಂಶಯವನ್ನೂ ಅಲ್ಲಿ ಹದಿನಾರು ಪದಾರ್ಥಗಳಲ್ಲಿ, ಅಂದರೆ ತಿಳಿಯಬೇಕಾದ ವಿಷಯಗಳಲ್ಲಿ, ಒಂದೆಂದು ಎಣಿಸಿದ್ದಾರೆ, ವಿಚಾರ ಶುರುವಾಗುವುದೇ ಅಲ್ಲಿಂದ ಎಂದು. ನಮ್ಮ ಲ್ಯಾಬಿನಲ್ಲಿ ಹೊಗೆಯಾಗಿ ಕಂಡದ್ದು ಆ 4.1.

ಕೆಲವು ತಿಂಗಳ ಮೇಲೆ ಇನ್ನೊಬ್ಬರದು 7.2 ಬಂತು. “ಇದೂ ಅದೇ ಕೇಸು ಅಕ್ಕ, ಇನ್ನೊಂದು ಸ್ಯಾಂಪಲ್ ಬರ್ಲಿ” ಎಂದು ಜೂನಿಯರ್ ಹುಡುಗ ರಿಪೋರ್ಟ್ ತಡೆದ. ನನಗೆ ಎದೆ ಧಸಕ್ಕೆಂದಿತು. ನೋಡದೆ ನಂಬುವುದಕ್ಕೂ ನೋಡದೆ ತಳ್ಳಿಹಾಕುವುದಕ್ಕೂ ಏನು ವ್ಯತ್ಯಾಸ? ಸೀರಂ ತಿಳಿಯಾಗಿತ್ತು, ಕ್ಯಾಲ್ಸಿಯಂ 8.8. ಮೂತ್ರಪಿಂಡ ಸೋತಾಗ ಏರುವ ಕ್ರಿಯಾಟಿನಿನ್, ಒಂದರ ಆಸುಪಾಸು ಇರಬೇಕಾದ್ದು, 9. ಡಯಾಲಿಸಿಸ್ ಒಂದು ಸರದಿ ತಪ್ಪಿಸಿಕೊಂಡಿದ್ದ ರೋಗಿ. ಫೋನ್ ಮಾಡಿದೆ. ಇಸಿಜಿ ತೆಗೆದು ಅಲ್ಲೇ ಹೃದಯ ಕಾಯುವ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟರು, ಸಂಜೆಯೊಳಗೆ ಡಯಾಲಿಸಿಸ್ ಆಯಿತು.

ರಾತ್ರಿ ಬಂದ ಸ್ಯಾಂಪಲ್ಲನ್ನು ಆ ಹುಡುಗನೇ ಹಾಕಿದ. 5.1.