ಜಿಬ್ರಾಲ್ಟರ್‌ನಲ್ಲಿ ಯುದ್ಧವಾದರೆ ಎಂದು ಕೇಳುವವರಿಗೆ

ಜಿಬ್ರಾಲ್ಟರ್ ಎಂದರೆ ಸ್ಪೇನಿನ ದಕ್ಷಿಣ ತುದಿಯಲ್ಲಿರುವ, ಸ್ಪೇನ್ ತನ್ನದೆನ್ನುವ ಬ್ರಿಟಿಷ್ ನೆಲ. ಅಲ್ಲಿನ ವಿಮಾನ ನಿಲ್ದಾಣದ ಬಗ್ಗೆ ನಾನು ಪಾಠ ಮಾಡುತ್ತೇನೆಂದು ತಿಳಿದವರೆಲ್ಲ ಕೇಳುವುದು ಒಂದೇ ಮಾತು: "ತಕರಾರಿನ ಗಡಿಯಲ್ಲಿ ಅಷ್ಟು ಹಣ ಸುರಿದಿದ್ದಾರಲ್ಲ, ನಾಳೆ ಯುದ್ಧವಾದರೆ ಏನು ಗತಿ?" ಮೊನ್ನೆ ಮದುವೆಮನೆಯಲ್ಲಿ ಚಿಕ್ಕಪ್ಪನೂ ಇದನ್ನೇ ಕೇಳಿದರು, ನಾನು ಬಾಯಿ ತೆರೆಯುವಷ್ಟರಲ್ಲಿ ಎಲೆಗೆ ಸಾರು ಬಂತು, ಅವರು ಪಕ್ಕದವರತ್ತ ತಿರುಗಿದರು. ಹೇಳಿ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ: ಪ್ರಶ್ನೆಯೇ ತಪ್ಪು.

1713ರ ಯೂಟ್ರೆಕ್ಟ್ ಒಪ್ಪಂದದಲ್ಲಿ ತಾನು ಬ್ರಿಟನ್ನಿಗೆ ಊರು, ಕೋಟೆ, ಬಂದರುಗಳನ್ನು ಬಿಟ್ಟುಕೊಟ್ಟದ್ದೇ ಹೊರತು ರನ್‌ವೇ ಇರುವ ಭೂಸಂಧಿಯನ್ನಲ್ಲ, ಅಂದರೆ ಊರನ್ನು ಸ್ಪೇನಿಗೆ ಜೋಡಿಸುವ ಕಿರಿದಾದ ನೆಲಪಟ್ಟಿಯನ್ನಲ್ಲ, ಎಂಬುದು ಸ್ಪೇನಿನ ವಾದ. ನಿಲ್ದಾಣವನ್ನು ಜಂಟಿಯಾಗಿ ಬಳಸಲು 1987ರಲ್ಲಿ ಲಂಡನ್ ಮತ್ತು ಮ್ಯಾಡ್ರಿಡ್ ಒಪ್ಪಿದವು. ಜಿಬ್ರಾಲ್ಟರಿನ ಜನ ಒಪ್ಪಲಿಲ್ಲ, ಒಪ್ಪಂದ ಕಾಗದದಲ್ಲೇ ಉಳಿಯಿತು. 2006ರ ಕಾರ್ಡೋಬಾ ಒಪ್ಪಂದದಲ್ಲಿ ಜಿಬ್ರಾಲ್ಟರಿಗೂ ಮಾತುಕತೆಯಲ್ಲಿ ಸ್ಥಾನ ಸಿಕ್ಕಿತು, ಅದೇ ಡಿಸೆಂಬರಿನಲ್ಲಿ ಮ್ಯಾಡ್ರಿಡ್ ವಿಮಾನ ಹಾರಿತು, ಗಡಿಬೇಲಿಗೆ ಒತ್ತಿಕೊಂಡೇ ಹೊಸ ಟರ್ಮಿನಲ್ ಎದ್ದಿತು. ಪ್ರಯಾಣಿಕರು ಅದರಿಂದ ನೇರವಾಗಿ ಸ್ಪೇನಿಗೆ ಇಳಿಯಬೇಕಿತ್ತು. 2011ರ ಕೊನೆಗೆ ಮ್ಯಾಡ್ರಿಡ್‌ನಲ್ಲಿ ಸರ್ಕಾರ ಬದಲಾಯಿತು, ಆ ದಾರಿ ವರ್ಷಗಟ್ಟಲೆ ತೆರೆಯಲಿಲ್ಲ. ಒಂದು ಗುಂಡೂ ಹಾರದೆ ಆದ ನಷ್ಟವಿದು. ಇಂಥ ಯೋಜನೆಯನ್ನು ತೂಗುವಾಗ ನಾನು ಮೊದಲು ನೋಡುವುದು ಸಹಿ ಹಾಕಿದವರು ಯಾರು, ಹಾಕದೆ ಉಳಿದವರು ಯಾರು, ಮುಂದಿನ ಚುನಾವಣೆ ಎಂದು ಎಂಬುದನ್ನು.

2023ರಲ್ಲಿ ಸುರಂಗರಸ್ತೆ ತೆರೆಯುವ ಮೊದಲು ಮುಖ್ಯರಸ್ತೆ ರನ್‌ವೇಯನ್ನೇ ಅಡ್ಡ ಹಾಯುತ್ತಿತ್ತು. ವಿಮಾನ ಇಳಿಯುವಾಗ ಗೇಟು ಬೀಳುತ್ತಿತ್ತು. ನಾನೂ ಅಲ್ಲಿ ನಿಂತಿದ್ದೇನೆ: ಪಕ್ಕದಲ್ಲಿ ಕೆಲಸ ಮುಗಿಸಿ ಸ್ಪೇನಿನ ಲಾ ಲಿನಿಯಾಕ್ಕೆ ಮರಳುತ್ತಿದ್ದ ಹೆಂಗಸು, ಎರಡೂ ಕೈಯಲ್ಲಿ ಚೀಲ, ಕಣ್ಣು ಬೇಲಿಯ ಕಡೆಗೆ. ನನ್ನನ್ನು ಕೇಳಬೇಕಾದದ್ದು ಆಕೆಯ ವಿಷಯ: ಬಾಗಿಲು ಮುಚ್ಚಿದರೆ ಸಂಬಳ ಯಾರದು ನಿಲ್ಲುತ್ತದೆ? ದಿನಕ್ಕೆ ಸುಮಾರು 15,000 ಜನ ಹೀಗೆ ಗಡಿ ದಾಟಿ ದುಡಿಯುತ್ತಾರೆ. ಬೇಲಿಯ ತಪಾಸಣೆಯನ್ನು ತೆಗೆದು ವಿಮಾನ ನಿಲ್ದಾಣಕ್ಕೂ ಬಂದರಿಗೂ ವರ್ಗಾಯಿಸುವ ಒಪ್ಪಂದಕ್ಕೆ ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟ 2025ರ ಜೂನ್‌ನಲ್ಲಿ ಬಂದಾಗ ನನಗೆ ನಿಜವಾಗಿ ಸಂತೋಷವಾಯಿತು. ಯಾಕೆಂದರೆ 1969ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಗಡಿ ಮುಚ್ಚಿದಾಗ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅದು ಪೂರ್ತಿ ತೆರೆದದ್ದು 1985ರಲ್ಲಿ. 1982ರಲ್ಲಿ ನಡೆದು ದಾಟಲು ಬಿಡುವವರೆಗೆ ಒಂದೇ ಮನೆಯವರು ಬೇಲಿಯ ಆಚೀಚೆ ನಿಂತು, ಹುಟ್ಟಿದ ಮಗುವನ್ನು ಎತ್ತಿ ತೋರಿಸಿ, ಕೂಗಿ ಮಾತಾಡಿಕೊಳ್ಳುತ್ತಿದ್ದರು.