ಅನ್ನನಾಳದ ಕ್ಯಾಮೆರಾ ಗುಳಿಗೆ: ನುಂಗುವ ಸೂಚನೆಯ ಮೂರನೇ ಕರಡು

ಒಳಗಿನ ಚಿತ್ರ ತೆಗೆಯುವ ಈ ಕ್ಯಾಪ್ಸೂಲ್ ಗಂಟಲಿಳಿದರೆ ಸಾಲದು, ಅನ್ನನಾಳದ ಕೆಳತುದಿಯಲ್ಲಿ ಅದು ಸ್ವಲ್ಪ ಹೊತ್ತು ನಿಂತು ಹೋಗಬೇಕು. ರೋಗಿಗೆ ಕೊಡುವ ಕನ್ನಡ ಸೂಚನೆಯ ಪ್ರತಿ ಸಾಲನ್ನೂ ಈ ಸಲ ಇದೇ ಕಣ್ಣಿನಿಂದ ತಿದ್ದಿದ್ದೇವೆ.

ಮೊದಲ ಕರಡು ಕೈಬಿಟ್ಟಾಯಿತು. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಪಿಲ್‌ಕ್ಯಾಮ್ ಇಎಸ್‌ಒ ಎಂಬ ಅನ್ನನಾಳದ ಕ್ಯಾಮೆರಾ ಗುಳಿಗೆಯ ಹಳೆಯ ಕ್ರಮ ಅದು: ಅಂಗಾತ ಮಲಗಿ ನುಂಗುವುದು, 2 ನಿಮಿಷದ ನಂತರ 30 ಡಿಗ್ರಿಗೆ ಏಳುವುದು, ಆಮೇಲೆ 60 ಡಿಗ್ರಿ. ಏಳುವಾಗ ಹೊಟ್ಟೆ ಬಿಗಿಯುತ್ತದೆ, ತಲೆ ಅಲುಗುತ್ತದೆ, ಗಾಳಿಯೂ ಒಳಹೋಗುತ್ತದೆ. ನಿಂತು ನುಂಗಿದರಂತೂ ಕೆಲವೇ ಸೆಕೆಂಡಿಗೆ ಗುಳಿಗೆ ಜಠರ ಸೇರಿಬಿಡುತ್ತದೆ. ಆ ಮೊದಲ ಮಾದರಿಯಲ್ಲಿ ಎರಡು ಕ್ಯಾಮೆರಾ ಸೇರಿ ಸೆಕೆಂಡಿಗೆ 14 ಚಿತ್ರ. 3 ಸೆಕೆಂಡಿನಲ್ಲಿ ಸಿಗುವುದು ಬರೇ 42. ಅದರಲ್ಲೂ ಅರ್ಧ ನೊರೆ ತುಂಬಿದ್ದರೆ ಝಡ್ ಗೆರೆ, ಅಂದರೆ ಅನ್ನನಾಳ ಜಠರಗಳ ಒಳಪದರ ಸೇರುವ ಅಂಚು, ಕಾಣುವುದೇ ಇಲ್ಲ.

ಈಗಿನ ಕರಡಿಗೆ ಆಧಾರ 2006ರಲ್ಲಿ ಪ್ರಕಟವಾದ ಸರಳ ಕ್ರಮ. ಬಲಮಗ್ಗುಲಾಗಿ, ದಿಂಬಿನ ಮೇಲೆ ತಲೆಯಿಟ್ಟು ಮಲಗಬೇಕು. ಕ್ಯಾಪ್ಸೂಲ್ ನುಂಗಿದ ಮೇಲೆ ಪ್ರತಿ 30 ಸೆಕೆಂಡಿಗೆ ಸ್ಟ್ರಾದಿಂದ 15 ಮಿ.ಲೀ. ನೀರು, ಹೀಗೆ 7 ನಿಮಿಷ. 14 ಗುಟುಕು, ಒಟ್ಟು 210 ಮಿ.ಲೀ.; ಲೋಟದಲ್ಲಿ 250 ಇರಲಿ. ಸ್ಟ್ರಾ ಬಾಗುವಂಥದ್ದೇ ಬೇಕು, ನೆಟ್ಟಗಿನದಾದರೆ ರೋಗಿ ಕತ್ತೆತ್ತುತ್ತಾರೆ.

ಹೆಚ್ಚು ಹೊತ್ತು ತಿಂದದ್ದು ಒಂದೇ ಒಂದು ಪದ. "ನೀರು ಕುಡಿಯಿರಿ" ಎಂದರೆ ಯಾರಾದರೂ ಗಟಗಟ ಕುಡಿಯುತ್ತಾರೆ. ಒಂದು ನುಂಗಿನ ಅಲೆ, ಅಂದರೆ ನುಂಗಿದ್ದನ್ನು ಕೆಳಕ್ಕೆ ತಳ್ಳುವ ಅನ್ನನಾಳದ ಹಿಂಡಿಕೆ, ಕೆಳತುದಿ ಮುಟ್ಟಲು 8–10 ಸೆಕೆಂಡು ಬೇಕು. ಅಷ್ಟರೊಳಗೆ ಇನ್ನೊಮ್ಮೆ ನುಂಗಿದರೆ ಹಿಂದಿನ ಅಲೆ ಅಲ್ಲೇ ಅಡಗುತ್ತದೆ. 30 ಸೆಕೆಂಡಿನ ಅಂತರ ಅದಕ್ಕಾಗಿಯೇ. ಈಗ ಬರೆದಿರುವುದು: "ಒಂದು ಗುಟುಕು ಹೀರಿ. ಬಾಯಲ್ಲೇ ಹಿಡಿದಿರಿ. 'ನುಂಗಿ' ಎಂದಾಗ ಒಂದೇ ಸಲಕ್ಕೆ ನುಂಗಿ." ನಡುವೆ ಮಾತು ಬೇಡ, ಉತ್ತರಕ್ಕೆ ಕೈಸನ್ನೆ ಸಾಕು.

ಗಾತ್ರದ ಭಯಕ್ಕೆ 000 ಅಳತೆಯ ಖಾಲಿ ಜೆಲಟಿನ್ ಕ್ಯಾಪ್ಸೂಲನ್ನು ಅಂಗೈಗೆ ಕೊಡುತ್ತೇವೆ. ಅದು ಸುಮಾರು 26 ಮಿ.ಮೀ. ಉದ್ದ, 10 ಮಿ.ಮೀ. ದಪ್ಪ, ಅಸಲಿಯದು 26 ಮತ್ತು 11. ನುಂಗಲು ಮಾತ್ರ ಕೊಡಬಾರದು. ಒದ್ದೆಯಾದ ಜೆಲಟಿನ್ ನಾಲಿಗೆಗೆ ಅಂಟುತ್ತದೆ, ಹೆದರಿಕೆ ಇಮ್ಮಡಿಯಾಗುತ್ತದೆ. ಹಗುರ ಗುಳಿಗೆಗೆ ಜರ್ಮನಿಯ ಹೈಡೆಲ್‌ಬರ್ಗಿನ ಸಂಶೋಧಕರು 2014ರಲ್ಲಿ ಹೇಳಿದ "ಮುಂದೆ ಬಾಗಿ ನುಂಗಿ" ಉಪಾಯವೂ ಇಲ್ಲಿಗೆ ಹೊಂದದು: ಅದು ತೇಲುವ ಗುಳಿಗೆಗೆ, ಕ್ಯಾಮೆರಾ ನೀರಲ್ಲಿ ಮುಳುಗುತ್ತದೆ. ಅಭ್ಯಾಸ ಬರೀ ನೀರಿನಲ್ಲಿ, ಮಲಗಿಯೇ, ಮೂರು ಗುಟುಕು. ಇದೆಲ್ಲ ಮುಗಿದ ಮೇಲೆಯೇ ಕ್ಯಾಪ್ಸೂಲನ್ನು ಅಯಸ್ಕಾಂತದ ಹಿಡಿಕೆಯಿಂದ ಬಿಡಿಸಬೇಕು; ಬಿಡಿಸಿದ ಕ್ಷಣವೇ ಅದು ಮಿನುಗತೊಡಗುತ್ತದೆ, ಬ್ಯಾಟರಿ ಬಾಳುವುದು 20 ನಿಮಿಷದ ಆಸುಪಾಸು.

ನಾಲಿಗೆಯ ನಡುಭಾಗದಲ್ಲಿಡಿ. ತೀರಾ ಹಿಂದಿಟ್ಟರೆ ಓಕರಿಕೆ. ಜೊಲ್ಲಿನಲ್ಲೇ ಹೊರಳಾಡಿಸಿದರೆ ಕ್ಯಾಮೆರಾ ಮುಂದಿನ ಪಾರದರ್ಶಕ ಗುಮ್ಮಟಕ್ಕೆ ಗುಳ್ಳೆ ಮೆತ್ತಿ ಚಿತ್ರ ಮಸುಕು. ಮೊದಲೇ ಕೊಡುವ 100 ಮಿ.ಲೀ. ನೀರಿಗೆ ಸಿಮೆಥಿಕೋನ್ ಹನಿ ಬೆರೆಸುವುದು ನೊರೆ ಒಡೆಯಲು.

ಹಾಳೆಯ ತಲೆಯಲ್ಲೇ ದಪ್ಪಕ್ಷರದಲ್ಲಿ: ಅನ್ನ ಸಿಕ್ಕಿಕೊಳ್ಳುವವರು, ಅನ್ನನಾಳ ಕಿರಿದಾದವರು, ಪೇಸ್‌ಮೇಕರ್ ಇರುವವರು ಮೊದಲು ವೈದ್ಯರಿಗೆ ಹೇಳಬೇಕು. ಕ್ಯಾಪ್ಸೂಲ್ ಮಲದಲ್ಲಿ ಹೊರಬೀಳುವವರೆಗೆ ಎಂಆರ್‌ಐ ಕೂಡದು.

ಮುಂದಿನ ಕರಡಿಗೆ ಉಳಿದದ್ದು ಕಿವಿ ಮಂದವಾದವರ ಹಾಳೆ. ಬಲಮಗ್ಗುಲಾಗಿ ಮಲಗಿದರೆ ಬಲಗಿವಿ ದಿಂಬಿಗೆ ಒತ್ತುತ್ತದೆ, "ನುಂಗಿ" ಎಂಬುದು ಕೇಳಿಸದು. ಅವರಿಗೆ ಭುಜ ತಟ್ಟುವ ಸನ್ನೆ ಬರೆಯಬೇಕು.